ಇಂಗ್ಲಿಷಿನ ಹ್ರಸ್ವ–ದೀರ್ಘ: ಕನ್ನಡದ ಕಿವಿ ಇದ್ದರೆ ಅರ್ಧ ಕೆಲಸವಾದಂತೆ

(ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯೊಂದರ ಪಾಲಕರ ಸಭೆಯಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಸಭೆ ಆರಂಭವಾಗುವ ಮುಂಚೆ ಒಬ್ಬ ತಾಯಿ ನನ್ನನ್ನು ಬಾಗಿಲಲ್ಲೇ ತಡೆದರು. ಅವರ ಮಗ ಇಲ್ಲಿ 5ನೆಯ ಇಯತ್ತೆಯಲ್ಲಿದ್ದಾನೆ. ನೆರೆಮನೆಯ ಹುಡುಗಿ ಇಂಗ್ಲಿಷ್ ಮಾಧ್ಯಮದವಳು. ಅವಳೆದುರು ಪಾಠ ಓದುವಾಗ ಇವನು ‘ಹೋಪಿಂಗ್’ ಎನ್ನಬೇಕಾದಲ್ಲಿ ‘ಹಾಪಿಂಗ್’ ಎಂದನಂತೆ. ಆಶಿಸುವವನು ಒಂಟಿಗಾಲಲ್ಲಿ ಜಿಗಿಯುವವನಾದ! ಅವಳು ನಕ್ಕಳು, ಇವನು ಪುಸ್ತಕ ಮುಚ್ಚಿದ. “ಕನ್ನಡ ಸಾಲಿಗೆ ಹಾಕಿದ್ದಕ್ಕ ಹಿಂಗ ಆತೇನ್ರಿ ಗುರುಗಳ? ಮುಂದಿನ ವರ್ಷ ದಾಖಲಾ ತಗೀಲೇನು?” ಎಂದು ಆ ತಾಯಿ ಕೇಳಿದರು.

ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇದೆಯೆಂದು ಬಲ್ಲೆ. ಆದ್ದರಿಂದ ಬರೆದು ತಂದ ಭಾಷಣವನ್ನು ಜೇಬಿನಲ್ಲೇ ಬಿಟ್ಟು ಈ ಒಂದು ಶಬ್ದದ ಬಗ್ಗೆಯೇ ಮಾತಾಡುತ್ತೇನೆ.

ಆ ಹುಡುಗನ ತಪ್ಪಿಗೆ ಕನ್ನಡ ಕಾರಣವಲ್ಲ. ಇಂಗ್ಲಿಷಿನ ಒಂದು ಗುಟ್ಟನ್ನು ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ. ನಾನೂ ಎಷ್ಟೋ ವರ್ಷ ಮಕ್ಕಳಿಗೆ “ಕನ್ನಡದಂತೆ ಓದಬೇಡ” ಎಂದು ಗದರಿಸಿದವನೇ. ಅದು ನನ್ನ ತಪ್ಪು.

ನಮ್ಮಲ್ಲಿ ಬೆಳೆ ಬೇರೆ, ಬೇಳೆ ಬೇರೆ. ಕೊಡು ಬೇರೆ, ಕೋಡು ಬೇರೆ. ದೀರ್ಘವಾದರೆ ಅಕ್ಷರದ ಮೇಲೆಯೇ ಗುರುತು ಇರುತ್ತದೆ. ಇಂಗ್ಲಿಷಿಗೆ ಸ್ವರಾಕ್ಷರ ಐದು; ಇಂಗ್ಲೆಂಡಿನ ಪ್ರಮಾಣಿತ ಉಚ್ಚಾರಣೆಯಲ್ಲಿ ಸ್ವರಗಳು ಸುಮಾರು 20. ಹಾಗಾಗಿ ಗುರುತನ್ನು ಅದು ಬೇರೆ ಕಡೆ ಇಡುತ್ತದೆ. ಎಂ, ಏ, ಟಿ ಬರೆದರೆ ‘ಮ್ಯಾಟ್’. ಕೊನೆಗೆ ‘ಈ’ ಅಕ್ಷರ ಸೇರಿಸಿ, ‘ಮೇಟ್’ ಆಗುತ್ತದೆ. ಆ ‘ಈ’ ತಾನು ಮೂಕ. ಹಿಂದಿನ ಸ್ವರಕ್ಕೆ “ನಿನ್ನ ಹೆಸರು ಹೇಳು” ಎನ್ನುವುದಷ್ಟೇ ಅದರ ಕೆಲಸ. ಕಿಟ್ ಕೈಟ್ ಆಗುವುದು, ಹಾಪ್ ಹೋಪ್ ಆಗುವುದು, ಕಟ್ ಕ್ಯೂಟ್ ಆಗುವುದು ಹೀಗೆಯೇ. ಏ, ಈ, ಐ, ಓ, ಯೂ – ಅಕ್ಷರ ತನ್ನ ಹೆಸರನ್ನೇ ನುಡಿದರೆ ಇಂಗ್ಲಿಷಿನವರು ಅದನ್ನು ದೀರ್ಘವೆನ್ನುತ್ತಾರೆ.

ಇಲ್ಲಿ ಮಕ್ಕಳಿಗೆ ಒಂದು ಗೊಂದಲವಿದೆ. ಮ್ಯಾಟ್, ಕ್ಯಾಟ್ ಎಂಬುದನ್ನು ನಾವು ದೀರ್ಘ ಹಾಕಿ ಬರೆಯುತ್ತೇವೆ. ಇಂಗ್ಲಿಷಿನವರು ಅದನ್ನೇ ಹ್ರಸ್ವವೆನ್ನುತ್ತಾರೆ. ‘ದೀರ್ಘ’ ಎಂಬ ಹೆಸರು ಹಳೆಯ ಕಾಲದ್ದು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳು ಬಾಯಿಯಲ್ಲಿ ಜಾಗ ಬದಲಿಸಿದವು. ಕ್ಯಾಕ್ಸ್‌ಟನ್ 1476ರಲ್ಲಿ ಆ ದೇಶಕ್ಕೆ ಅಚ್ಚುಯಂತ್ರ ತಂದ. ಕಾಗುಣಿತ ಅಚ್ಚಿನಲ್ಲಿ ನೆಲೆನಿಂತಿತು, ನಾಲಿಗೆ ನಿಲ್ಲಲಿಲ್ಲ. ಅದಕ್ಕೂ ಹಿಂದೆ ಕೊನೆಯ ‘ಈ’ ಮೂಕವಾಗಿರಲಿಲ್ಲ. ಇಂದಿನ ‘ನೇಮ್’ ಆಗ ಹೆಚ್ಚುಕಡಿಮೆ ನಮ್ಮ ‘ನಾಮ’ದಂತೆಯೇ ಕೇಳುತ್ತಿತ್ತು. ಸಂಸ್ಕೃತದ ನಾಮವೂ ಅದೂ ಒಂದೇ ಬೇರಿನವು!

ಮ್ಯಾಟ್–ಮೇಟ್ ನಮ್ಮ ಮಕ್ಕಳಿಗೆ ಕಠಿಣವೇ? ಮನೆಯಲ್ಲಿ ಅವರು ‘ಬ್ಯಾಡ’ ಎನ್ನುತ್ತಾರೆ, ಪುಸ್ತಕದಲ್ಲಿ ‘ಬೇಡ’ ಎಂದು ಓದುತ್ತಾರೆ. ಮನೆಯ ‘ಪ್ಯಾಟಿ’ ಪುಸ್ತಕದಲ್ಲಿ ‘ಪೇಟೆ’. ಒಂದೇ ಶಬ್ದವನ್ನು ಈ ಎರಡು ಸ್ವರಗಳಲ್ಲಿ ದಿನವೂ ಆಡುವ ಮಗುವಿಗೆ ಹೊಸದಾಗಿ ಕಲಿಸುವುದೇನು? ಪೆನ್–ಪೇನ್, ವೆಟ್–ವೇಟ್ ಜೋಡಿಗಳೂ ಹಾಗೆಯೇ. ಮರಾಠಿ ಬರವಣಿಗೆಯಲ್ಲಿ ಏಕಾರ ಒಂದೇ. ಕನ್ನಡದಲ್ಲಿ ಎ, ಏ ಎರಡೂ ಇವೆ. ಇಂಗ್ಲಿಷರ ಬಾಯಲ್ಲಿ ‘ಪೇನ್’ ಎನ್ನುವಾಗ ನಡುವೆ ಇಕಾರದ ಎಳೆತವೊಂದು ಸೇರುತ್ತದೆ. ಸದ್ಯಕ್ಕೆ ನಮಗೆ ಏ ಸಾಕು.

ಇನ್ನು ‘ಹೋಪಿಂಗ್’. ‘ಹೋಪ್’ಗೆ ‘ಇಂಗ್’ ಸೇರಿದಾಗ ಮೂಕ ‘ಈ’ ಬಿದ್ದುಹೋಗುತ್ತದೆ, ‘ಪಿ’ ಅಕ್ಷರ ಒಂದೇ ಉಳಿಯುತ್ತದೆ. ‘ಹಾಪ್’ಗೆ ‘ಇಂಗ್’ ಸೇರಿದಾಗ ‘ಪಿ’ ಎರಡಾಗುತ್ತದೆ. ಒಂದಿದ್ದರೆ ಹಿಂದಿನ ಸ್ವರ ದೀರ್ಘ, ಎರಡಿದ್ದರೆ ಹ್ರಸ್ವ. ‘ರೈಟಿಂಗ್’ನಲ್ಲಿ ‘ಟಿ’ ಒಂದು, ‘ರಿಟನ್’ನಲ್ಲಿ ಎರಡು. ನಮ್ಮ ಮಕ್ಕಳು ನಿಜವಾಗಿ ಎಡವುವುದು ಇಲ್ಲಿ. ಕತೆ ಮತ್ತು ಕತ್ತೆಯ ನಡುವೆ ಒತ್ತಕ್ಷರದ್ದೇ ಅಂತರವಾದ್ದರಿಂದ, ಎರಡು ಅಕ್ಷರ ಕಂಡೊಡನೆ ‘ಸಮ್ಮರ್’, ‘ಬಟ್ಟರ್’ ಎಂದು ಒತ್ತಿ ಓದುತ್ತಾರೆ. ಇಂಗ್ಲಿಷಿನಲ್ಲಿ ಆ ಎರಡನೆಯ ಅಕ್ಷರ ಒತ್ತುವುದಕ್ಕಲ್ಲ, ಹಿಂದಿನ ಸ್ವರವನ್ನು ಗಿಡ್ಡವಾಗಿಡುವುದಕ್ಕೆ. ‘ಸಮರ್’, ‘ಬಟರ್’ ಎಂದರೆ ಸರಿ.

ಅಪವಾದಗಳಿವೆ, ಮುಚ್ಚಿಡುವುದಿಲ್ಲ. ‘ಗಿವ್’, ‘ಹ್ಯಾವ್’ ಕೊನೆಯಲ್ಲಿ ‘ಈ’ ಇದ್ದರೂ ದೀರ್ಘವಿಲ್ಲ. ಇಂಗ್ಲಿಷ್ ಶಬ್ದವನ್ನು ‘ವಿ’ ಅಕ್ಷರಕ್ಕೆ ನಿಲ್ಲಿಸುವ ರೂಢಿಯಿಲ್ಲದ್ದರಿಂದ ಅಲ್ಲಿ ಅದು ಬಂದಿದೆ. ‘ಕಮ್’, ‘ಡನ್’ ಮುಂತಾದವನ್ನು ಬಾಯಿಪಾಠ ಮಾಡಬೇಕು. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಅದನ್ನೇ ಮಾಡುತ್ತಾರೆ.

ದಾಖಲೆಯ ಮಾತಿಗೆ ಬರುತ್ತೇನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ 7ನೆಯ ತಿದ್ದುಪಡಿಯಿಂದ ಬಂದ ವಿಧಿ ಅದು. ಆದರೆ ಮಕ್ಕಳನ್ನು ತಂದು ಬೆಂಚಿನ ಮೇಲೆ ಕೂರಿಸುವುದು ವಿಧಿಯಿಂದ ಆಗುವುದಿಲ್ಲ. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಗೆ ಕುತ್ತು ಬರುತ್ತದೆ. ಆಮೇಲೆ ಉಳಿದ ಮಕ್ಕಳಿಗೆ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಒಂದು ‘ಪಿ’ ಅಕ್ಷರದ ಸಲುವಾಗಿ ದಾಖಲೆ ತೆಗೆಯಬೇಡಿರೆಂದು ಕೈಮುಗಿದು ಕೇಳುತ್ತೇನೆ.

ತಾಯಂದಿರೇ, ನಿಮಗೆ ಇಂಗ್ಲಿಷ್ ಬರಬೇಕಿಲ್ಲ. ಇಂದು ಸಂಜೆ ರೊಟ್ಟಿ ಬಡಿಯುತ್ತ ಕೂತಾಗ ಮಗುವಿಗೆ ಜೋಡಿ ಶಬ್ದ ಓದಿಸಿ: ಶಿಪ್–ಶೀಪ್, ಫುಲ್–ಫೂಲ್, ಮ್ಯಾಟ್–ಮೇಟ್. ಎರಡೂ ನಿಮ್ಮ ಕಿವಿಗೆ ಒಂದೇ ತರಹ ಕೇಳಿದರೆ “ಇನ್ನೊಮ್ಮೆ ಓದು” ಎನ್ನಿರಿ. ದಿನಕ್ಕೆ ಹತ್ತು ನಿಮಿಷ ಸಾಕು. ಶಬ್ದಗಳ ಪಟ್ಟಿಯನ್ನು ಇಂಗ್ಲಿಷ್ ಗುರುಗಳು ಮಕ್ಕಳ ವಹಿಯಲ್ಲಿ ಬರೆದುಕೊಡುತ್ತಾರೆ. ನಾನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಹಲಗೆಯ ಮೇಲೆ ನಾಲ್ಕು ಶಬ್ದ ಬರೆದಿದ್ದೇನೆ. ಆ 5ನೆಯ ಇಯತ್ತೆಯ ಹುಡುಗ ಎಲ್ಲಿ? ಬಾರಪ್ಪ, ಮುಂದೆ ಬಾ. ‘ಪಿ’ ಎಷ್ಟಿವೆ ಎಂದು ಮೊದಲು ಎಣಿಸು, ಆಮೇಲೆ ಓದು.