ಪವಿತ್ರದ ಎದುರು ಪದ

ಕ್ರಾನ್‌ಬರ್ನ್‌ಗೆ ಸಮೀಪದ ಕ್ಯಾರಮ್ ಡೌನ್ಸ್‌ನಲ್ಲಿರುವ ಶ್ರೀ ಶಿವ ವಿಷ್ಣು ದೇವಾಲಯದ ಗೋಡೆಗಳ ಮೇಲೆ 2023ರ ಜನವರಿಯಲ್ಲಿ ಯಾರೋ ಭಾರತ ವಿರೋಧಿ ಬರಹಗಳನ್ನು ಗೀಚಿದರು. ಪೊಂಗಲ್ ಹಬ್ಬದ ದಿನಗಳವು. ಇಂಥ ಕೃತ್ಯಕ್ಕೆ ಇಂಗ್ಲಿಷಿನಲ್ಲಿ ‘ಡೆಸಿಕ್ರೇಷನ್’ ಎಂಬ ಪದವಿದೆ. ಕನ್ನಡದಲ್ಲಿ? ‘ಅಪವಿತ್ರಗೊಳಿಸುವುದು’ ಎನ್ನಬಹುದು. ಆದರೆ ಅದು ಪತ್ರಿಕೆಯ ಪದ, ಅಡುಗೆಮನೆಯದಲ್ಲ. ಮನೆಮಾತಿನಲ್ಲಿ ಪವಿತ್ರಕ್ಕೆ ಎದುರು ನಿಲ್ಲುವ ಪದಗಳೇ ಬೇರೆ: ಮೈಲಿಗೆ, ಮುಟ್ಟು, ಸೂತಕ, ಎಂಜಲು, ಹೊಲೆ.

ಸ್ನೇಹಿತರೇ, ಈ ಪದಗಳಲ್ಲಿ ಒಡೆಯುವುದಿಲ್ಲ, ಗೀಚುವುದಿಲ್ಲ, ದೋಚುವುದಿಲ್ಲ. ಇರುವುದು ಹುಟ್ಟು, ಸಾವು, ರಕ್ತ, ಜೊಲ್ಲು, ಸ್ಪರ್ಶ. ‘ಮುಟ್ಟು’ ಎಂದರೆ ತಾಕುವುದು. ಹೆಣ್ಣಿನ ತಿಂಗಳ ಸ್ರಾವಕ್ಕೂ ಅದೇ ಹೆಸರು. ಹಳೆಯ ಬಳಕೆಯಲ್ಲಿ ಕಸುಬಿನ ಉಪಕರಣವೂ ‘ಮುಟ್ಟು’. ‘ಹೊಲೆ’ ಒಂದು ಜಾತಿಯ ಹೆಸರಿನೊಳಗೇ ಸೇರಿಕೊಂಡಿತು ಎನ್ನುವವರಿದ್ದಾರೆ. ಆ ಹೆಸರು ‘ಹೊಲ’ದಿಂದ ಬಂದದ್ದೆಂದು ವಾದಿಸುವವರೂ ಇದ್ದಾರೆ. ವಾದ ಬರಿಯ ವ್ಯುತ್ಪತ್ತಿಯದಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತು.

ಡೆಸಿಕ್ರೇಷನ್‌ಗೆ ಒಬ್ಬ ಕರ್ತೃ ಬೇಕು, ಸಾಮಾನ್ಯವಾಗಿ ಅವನಿಗೊಂದು ಉದ್ದೇಶವೂ ಬೇಕು. ಮೈಲಿಗೆ ‘ಆಗುತ್ತದೆ’. ಯಾರೋ ಮಾಡಿದರು ಎಂದಾಗಲೂ ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಯಾರ ಮನೆಯಲ್ಲಿ ಹುಟ್ಟಿದವರು ಎಂದಷ್ಟೇ ಕೇಳುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬವೊಂದು ಮಗುವಿನ ಹುಟ್ಟುಹಬ್ಬಕ್ಕೆ ಆಂಜನೇಯನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿತ್ತು. ಎರಡು ವರ್ಷದ ಮಗು ಒಳಗೆ ಓಡಿತು. ಶುದ್ಧೀಕರಣದ ಖರ್ಚೆಂದು 25,000 ರೂಪಾಯಿ ದಂಡ ಕೇಳಲಾಯಿತು. ಪ್ರಕರಣ ಪೊಲೀಸರವರೆಗೆ ಹೋಗಿ ಬಂಧನಗಳಾದವು. ಕ್ಯಾರಮ್ ಡೌನ್ಸ್‌ನ ಗೋಡೆಗೆ ಮಸಿ ಬಳಿದವರಲ್ಲಿ ದ್ವೇಷವಿತ್ತು. ಮಿಯಾಪುರದ ಮಗು ದೇವರನ್ನು ನೋಡಲು ಓಡಿತ್ತು.

ಇಂಗ್ಲಿಷಿನ ‘ಪ್ರೊಫೇನ್’ ಪದದ ಲ್ಯಾಟಿನ್ ಮೂಲದಲ್ಲಿ ‘ಗುಡಿಯ ಮುಂದೆ’, ಅಂದರೆ ಗುಡಿಯ ಹೊರಗೆ ಎಂಬ ಅರ್ಥವಿದೆ. ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ಕನ್ನಡಿಗರಿಗೆ ಈ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಪದಕೋಶವನ್ನೇ ತಿರಸ್ಕರಿಸಿದವರು ಹನ್ನೆರಡನೆಯ ಶತಮಾನದ ಶರಣರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತರಿಗಿಲ್ಲ ಎಂಬುದು ಅವರ ನಿಲುವು. ಇಲ್ಲಿ ಜಾತಿಯನ್ನೂ ಸೂತಕಗಳ ಸಾಲಿಗೆ ಸೇರಿಸಿದ್ದನ್ನು ಗಮನಿಸಬೇಕು: ಅಂಟಿದ್ದು ಮನುಷ್ಯನಲ್ಲ, ಜಾತಿ. ಆದರೂ ಪದಗಳು ಸಾಯಲಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನದಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುವುದು ಹರಕೆಯಾಗಿತ್ತು. ಒಬ್ಬರ ಎಂಜಲು ಮೈಲಿಗೆ, ಇನ್ನೊಬ್ಬರ ಎಂಜಲು ಔಷಧ! ಉಂಡೆಲೆಗಳ ಮೇಲೆ ಉರುಳಿಸುವುದನ್ನು ಕರ್ನಾಟಕವು 2017ರ ಮೌಢ್ಯ ನಿಷೇಧ ಕಾಯ್ದೆಯ ವ್ಯಾಪ್ತಿಗೆ ತಂದಿತು.

ಹಾಗೆಂದು ಇಂಗ್ಲಿಷಿನ ಪದವೂ ಬೇಕಾದಾಗ ಬರುತ್ತದೆಂದಲ್ಲ. ಪಶ್ಚಿಮ ಆಸ್ಟ್ರೇಲಿಯದ ಜೂಕನ್ ಕಣಿವೆಯಲ್ಲಿ 46,000 ವರ್ಷಗಳ ಮಾನವ ವಾಸದ ಕುರುಹುಗಳಿದ್ದ ಕಲ್ಲಾಸರೆಗಳನ್ನು 2020ರ ಮೇ 24ರಂದು ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಸ್ಫೋಟಿಸಿತು. ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರಿಗೆ ಅದು ಪೂಜ್ಯ ತಾಣ. 1972ರ ಪರಂಪರೆ ಕಾಯ್ದೆಯಡಿ 2013ರಲ್ಲೇ ಅನುಮತಿ ಸಿಕ್ಕಿತ್ತು. ಕಾನೂನಿನ ಕಣ್ಣಿಗೆ ಅಲ್ಲಿ ಯಾವುದೂ ಅಪವಿತ್ರವಾಗಲಿಲ್ಲ. ಬೂನ್‌ವುರುಂಗ್ ಜನರ ನೆಲವಾದ ಕ್ರಾನ್‌ಬರ್ನ್‌ನಲ್ಲಿ ಮನೆ ಕಟ್ಟಿಕೊಂಡ ಕನ್ನಡಿಗರು ಗೃಹಪ್ರವೇಶದಂದು ನೆಲವನ್ನು ಶುದ್ಧಿ ಮಾಡಿಸುತ್ತಾರೆ. ಯಾರ ಮೈಲಿಗೆಯಿಂದ ಶುದ್ಧಿ ಎಂದು ಪುರೋಹಿತರನ್ನು ಕೇಳಿದವರು ವಿರಳ.

ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ದೇವರ ಮೆರವಣಿಗೆಯ ಕಂಬವನ್ನು ದಲಿತ ಬಾಲಕನೊಬ್ಬ ಮುಟ್ಟಿದ. ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಲಾಯಿತು. ಆ ಮನೆಯವರು ಗೋಡೆಯ ಮೇಲಿದ್ದ ದೇವರ ಪಟಗಳನ್ನು ಇಳಿಸಿ, ಅಂಬೇಡ್ಕರರ ಪಟವನ್ನು ಏರಿಸಿದರು.