ಮಕ್ಕಳು ಪ್ರವಾಸಕ್ಕೆ ಹೊರಡುವ ಮುನ್ನ
(ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣ)



ಬಾವಿಗೆ ಇಳಿಯುವವನು ಮೊದಲು ಹಗ್ಗ ಜಗ್ಗಿ ನೋಡುತ್ತಾನೆ. ಗಾಡಿ ಕಟ್ಟುವವನು ಕಡಾಣಿ ಮುಟ್ಟಿ ನೋಡುತ್ತಾನೆ. ಆದರೆ ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕಳುಹಿಸುವಾಗ ನಾವು ಹಣ ಕಟ್ಟಿ, ಬುತ್ತಿ ಕಟ್ಟಿ, "ಹುಷಾರಾಗಿ ಹೋಗಿ ಬಾ" ಎಂದು ಹೇಳಿ ಸುಮ್ಮನಾಗುತ್ತೇವೆ.

2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ಕೊತ್ತೂರು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳು ಮುರುಡೇಶ್ವರದ ಕಡಲ ತೀರದಲ್ಲಿದ್ದರು. ನೀರಿಗಿಳಿದವರಲ್ಲಿ ಮೂವರನ್ನು ಉಳಿಸಲಾಯಿತು. ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಸರ್ಕಾರ ತಲಾ 5 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು. ಮಕ್ಕಳು ಮರಳಿ ಬರಲಿಲ್ಲ.

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಕಂಡಿರುವುದು ಕೆರೆಯ ನೀರು. ಅದು ನಿಂತ ನೀರು. ಕಡಲ ನೀರು ಹಾಗಲ್ಲ. ದಡಕ್ಕೆ ಬಂದ ಅಲೆಯ ನೀರು ಒಂದು ಕಿರಿದಾದ ದಾರಿ ಹಿಡಿದು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಅಲೆ ಕಡಿಮೆ ಇರುವುದರಿಂದ ಅದೇ ಸುರಕ್ಷಿತವೆಂದು ತೋರುತ್ತದೆ. ಅಲ್ಲಿಯೇ ಸೆಳೆತ ಹೆಚ್ಚು. ಸೆಳೆತಕ್ಕೆ ಸಿಕ್ಕವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ದಡದ ಉದ್ದಕ್ಕೆ ಅಡ್ಡಲಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಹತ್ತಿರದ ಜಾಗವೆಂದು ಮೈಮರೆಯುವಂತೆಯೂ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ನಮ್ಮ ಹಲವು ಕೆರೆಗಳು ತುಂಬಿವೆ. ಹೂಳು ತೆಗೆದ ಗುಂಡಿಗಳು ಆ ನೀರಿನಡಿ ಕಾಣುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಜಾರಿದವರಿಗೆ ಕಾಲು ನಿಲ್ಲುವುದಿಲ್ಲ. ಅಂತರಗಂಗೆಯ ಬೆಟ್ಟದಲ್ಲಿ ಬಂಡೆ ಇದೆ, ಕೋತಿಗಳ ಕಾಟವಿದೆ.

ಅಪಾಯವನ್ನು ಎರಡು ತಕ್ಕಡಿಯಲ್ಲಿ ತೂಗಬೇಕು: ಎಷ್ಟು ಸಲ ಬರುತ್ತದೆ, ಬಂದರೆ ಎಷ್ಟು ಕಳೆಯುತ್ತದೆ. ಬಸ್ಸಿನಲ್ಲಿ ವಾಂತಿ ಮೇಲಿಂದ ಮೇಲೆ ಆಗುತ್ತದೆ, ಕಳೆಯುವುದು ಅಲ್ಪ. ನೀರಿನ ಅಪಾಯ ಅಪರೂಪ, ಆದರೆ ಎಲ್ಲವನ್ನೂ ಕಳೆಯುತ್ತದೆ. ಆದ್ದರಿಂದ ಅಪರೂಪವೆಂದು ಅದನ್ನು ಬಿಡಬಾರದು.

ಹೊರಡುವ ಮುನ್ನ ಎಸ್.ಡಿ.ಎಂ.ಸಿ. ಸಭೆಯಲ್ಲಿ ಈ ಐದು ಮಾತು ಕೇಳಿರಿ.

1. ಆ ಜಾಗವನ್ನು ಉಪಾಧ್ಯಾಯರೊಬ್ಬರು ಮೊದಲೇ ನೋಡಿದ್ದಾರೆಯೇ? ಅಲ್ಲಿ ನೀರು, ಬಂಡೆ, ರಸ್ತೆ ಏನೇನಿದೆ?

2. ವಾಹನದ ಎಫ್.ಸಿ., ವಿಮೆ, ಪರ್ಮಿಟ್ಟು ಸರಿಯಾಗಿವೆಯೇ? ಚಾಲಕನಿಗೆ ನಿದ್ರೆ ಆಗಿದೆಯೇ? ರಾತ್ರಿ ಪ್ರಯಾಣ ಬೇಡ.

3. ಎಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರು? ಹತ್ತು ಮಕ್ಕಳನ್ನು ಒಬ್ಬೊಬ್ಬರಿಗೆ ಹೆಸರು ಹಿಡಿದು ಒಪ್ಪಿಸುವುದು ಒಳ್ಳೆಯದು. ಇಳಿದಾಗ, ಹತ್ತುವಾಗ ಎಣಿಕೆ ಆಗಬೇಕು. ಹೆಣ್ಣುಮಕ್ಕಳಿದ್ದರೆ ಉಪಾಧ್ಯಾಯಿನಿ ಇರಲೇಬೇಕು.

4. ನೀರಿಗೆ ಇಳಿಸುತ್ತಾರೆಯೇ, ಇಲ್ಲವೇ? ಇದನ್ನು ಊರಿನಲ್ಲಿಯೇ ತೀರ್ಮಾನಿಸಬೇಕು. ಕಡಲ ಮುಂದೆ ನಿಂತು ಮಕ್ಕಳು ಕಾಡಿದಾಗ ತೀರ್ಮಾನಿಸಲಾಗದು. ಕೆಂಪು ಬಾವುಟವಿದ್ದರೆ, ಜೀವರಕ್ಷಕರಿಲ್ಲದಿದ್ದರೆ, ಪಾದ ತೋಯಿಸುವುದೂ ಬೇಡ.

5. ಮೂರ್ಛೆ, ಉಬ್ಬಸ ಇರುವ ಮಗುವಿನ ವಿಷಯ ಚೀಟಿಯಲ್ಲಿ ಬರೆದುಕೊಟ್ಟಿದ್ದೇವೆಯೇ? ಇದು ನಮ್ಮ ಹೊಣೆ.

ಮುಳುಗುವವರು ಹಲವು ವೇಳೆ ಕೂಗುವುದೇ ಇಲ್ಲ, ಉಸಿರಿಗೇ ಹೋರಾಡುತ್ತಿರುತ್ತಾರೆ. ಅವರ ಹಿಂದೆ ಹಾರಿದರೆ ಇಬ್ಬರೂ ಹೋದಾರು. ಹಗ್ಗ, ಸೀರೆ, ಖಾಲಿ ಕ್ಯಾನು ಎಸೆಯಿರಿ; 112ಕ್ಕೆ ಫೋನು ಮಾಡಿರಿ. ಇದನ್ನು ಮಕ್ಕಳಿಗೂ ಕಲಿಸಿರಿ.

ಪ್ರವಾಸ ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಆವನಿ, ಕುರುಡುಮಲೆಯ ಕಲ್ಲು ಕೆತ್ತನೆಯಾಗಲಿ, ಕಡಲಾಗಲಿ, ಕಣ್ಣಾರೆ ಕಂಡ ಮಗು ಕಲಿಯುವುದು ಹೆಚ್ಚು. ಕೇಳಿದರೆ ಮೇಷ್ಟ್ರು ಬೇಸರಪಟ್ಟಾರೆಂಬ ಸಂಕೋಚ ಬಿಡಿರಿ. ಒಳ್ಳೆಯ ಮೇಷ್ಟ್ರಿಗೆ ನಿಮ್ಮ ಪ್ರಶ್ನೆಯೇ ಬೆಂಬಲ. ಮುಂದಿನ ಸಭೆಗೆ ತಾಯಂದಿರೂ ತಪ್ಪದೆ ಬನ್ನಿರಿ.