ಆರಿಸಿ ಕಳಿಸಿದವರ ಋಣ



ಮಹಾರಾಷ್ಟ್ರದ ಚಾಕೂರಿನ ಶಿವರಾಜ ಪಾಟೀಲರು 1980ರಿಂದ ಸತತ 7 ಸಲ ಲಾತೂರಿನಿಂದ ಲೋಕಸಭೆಗೆ ಗೆದ್ದರು. 1991ರಲ್ಲಿ ಸ್ಪೀಕರ್ ಆದರು. 2004ರಲ್ಲಿ ಅದೇ ಮತದಾರರು ನಿಲಂಗಾದ ರೂಪಾತಾಯಿ ಪಾಟೀಲರನ್ನು ಗೆಲ್ಲಿಸಿದರು. ಸೋತರೂ ಶಿವರಾಜರು ಕೇಂದ್ರ ಗೃಹಮಂತ್ರಿಯಾದರು, ರಾಜ್ಯಸಭೆ ಸೇರಿದರು.

ಆ ಸೋಲಿಗೆ ಕಾರಣ ನೂರಿರಬಹುದು. ಆದರೆ ದಿಲ್ಲಿಯ ಪದವಿ ಊರಿನ ಮತವಿಲ್ಲದೆಯೂ ಸಿಗುತ್ತದೆ. ಊರಿನ ವಿಶ್ವಾಸ ಹಾಗೆ ಸಿಗದು. ತಹಸೀಲ ಕಚೇರಿಯ ಮುಂದೆ ಸಾತ್‌ಬಾರಾ ಉತಾರೆ (ಜಮೀನಿನ ದಾಖಲೆ) ಹಿಡಿದು, ಸೋಯಾ ಬೆಳೆಯ ವಿಮೆಗಾಗಿ ಕಾಯುವ ರೈತನಿಗೆ ಬೇಕಾದದ್ದು ಅಹವಾಲು ಕೇಳುವ ಪ್ರತಿನಿಧಿ.

ಮೇಲೇರುವ ಆಸೆ ತಪ್ಪಲ್ಲ. ಆರಿಸಿದವರನ್ನು ಮರೆಯುವುದು ತಪ್ಪು. ನಾಯಕರೇ, ತಿಂಗಳಿಗೊಮ್ಮೆಯಾದರೂ ಕ್ಷೇತ್ರಕ್ಕೆ ಬನ್ನಿ. ಮತದಾರರೇ, ಮತ ಕೇಳಲು ಬಂದಾಗಲೇ ಅವರಿಂದ ಈ ಮಾತು ಪಡೆಯಿರಿ.